ಕಥೆಯ ಬೆನ್ನೇರಿ ಬಂದ ಅಕ್ಷರ

೧೮೫೭ನೆಯ ಇಸವಿ. ಫ್ರಾನ್ಸಿನ ಫೊಂತೆನ್‌ಬ್ಲೋ ಅರಮನೆಯಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಪರಿವಾರವೆಲ್ಲ ನೆರೆದಿದ್ದಿತು. ಹೊತ್ತು ಹೋಗಲು ಏನಾದರೊಂದು ವಿನೋದ ಬೇಕಾಗಿದ್ದಿತು. ಆಗ ಸಾಹಿತಿ ಪ್ರೊಸ್ಪೆರ್ ಮೆರಿಮೆ ಒಂದು ಹೊಸ ಆಟ ಹೂಡಿದನು. ತಾನು ಒಂದು ಉಕ್ತಲೇಖನವನ್ನು ಹೇಳುವುದು; ಚಕ್ರವರ್ತಿಯಿಂದ ಮೊದಲ್ಗೊಂಡು ಎಲ್ಲರೂ ಶಾಲೆಯ ಹುಡುಗರಂತೆ ಕುಳಿತು ಬರೆಯುವುದು!

ಕಾಗದಗಳನ್ನು ತಿದ್ದಿದಾಗ ಚಕ್ರವರ್ತಿ ಮಾಡಿದ್ದ ತಪ್ಪುಗಳು ೭೫. ಮಹಾರಾಣಿ ಯೂಜೆನಿಯ ತಪ್ಪುಗಳು ೬೨. ನಾಟಕಕಾರನೆಂದು ಹೆಸರಾಗಿದ್ದ ಕಿರಿಯ ಅಲೆಕ್ಸಾಂಡರ್ ಡ್ಯೂಮಾನವು ೨೪. ಎಲ್ಲರಿಗಿಂತ ಕಡಮೆ, ಕೇವಲ ಮೂರೇ ಮೂರು ತಪ್ಪು ಮಾಡಿ ಗೆದ್ದವನು ಫ್ರೆಂಚನೇ ಅಲ್ಲ. ಆಸ್ಟ್ರಿಯ ದೇಶದ ರಾಯಭಾರಿ ಮೆಟರ್ನಿಕ್! ಹೀಗೆಂದು ಪ್ರತೀತಿ. ಬಾಯಿಂದ ಬಾಯಿಗೆ ಬಂದ ಈ ಲೆಕ್ಕದಲ್ಲಿ ಕೊಂಚ ಉಪ್ಪುಖಾರ ಸೇರಿದ್ದರೂ ಸೇರಿರಬಹುದು. ಆದರೆ ಫ್ರೆಂಚ್ ಜನ ಇಂದಿಗೂ ಈ ಪ್ರಸಂಗವನ್ನು ನಗುನಗುತ್ತ ನೆನೆಯುವುದಕ್ಕೆ ಕಾರಣವಿದೆ. ಆ ಭಾಷೆಯನ್ನು ತಪ್ಪಿಲ್ಲದೆ ಬರೆಯುವುದು ಅರಸನಿಗೂ ಕಷ್ಟ. ಹಾಗಿರುವಾಗ ಆರು ವರ್ಷದ ಕೂಸಿನ ಪಾಡೇನು?

ಆ ಕೂಸಿಗೆ ಓದುಬರೆಹ ಕಲಿಸಲು ಫ್ರಾನ್ಸಿನವರು ಬೆತ್ತವನ್ನು ಹಿಡಿದರು, ವ್ಯಾಕರಣವನ್ನು ಹಿಡಿದರು, ಉಕ್ತಲೇಖನವನ್ನು ಹಿಡಿದರು. ಅವುಗಳ ಜೊತೆಜೊತೆಗೇ ಮತ್ತೊಂದು ಸಾಧನವೂ ಅವರ ಕೈಗೆ ಬಂದಿತು. ಅದು ಕಥೆ.

ಕಿವಿಗೆ ಒಂದು, ಕಣ್ಣಿಗೆ ಹಲವು

ನುಡಿದಂತೆ ಬರೆದು, ಬರೆದಂತೆ ಓದುವ ಕನ್ನಡಿಗರಿಗೆ ಫ್ರೆಂಚ್ ಮಕ್ಕಳ ಕಷ್ಟ ಒಮ್ಮೆಲೇ ಮನವರಿಕೆಯಾಗದು. ಫ್ರೆಂಚಿನಲ್ಲಿ ನೀರಿಗೆ 'ಓ' ಎನ್ನುತ್ತಾರೆ. ಕಿವಿಗೆ ಕೇಳುವುದು ಒಂದೇ ಸ್ವರ. ಕಾಗದದ ಮೇಲೆ ಬರೆಯಬೇಕಾದುದು ಮೂರು ಅಕ್ಷರ. ಆ ಮೂರರಲ್ಲಿ ಒಂದಾದರೂ ಓಕಾರವಲ್ಲ! 'ವೆರ್' ಎಂದರೆ ಹುಳು. 'ವೆರ್' ಎಂದರೆ ಗಾಜು. 'ವೆರ್' ಎಂದರೆ ಹಸಿರು. 'ವೆರ್' ಎಂದರೆ ಪದ್ಯದ ಸಾಲು. ಉಚ್ಚಾರ ಒಂದೇ, ಕಾಗುಣಿತ ನಾಲ್ಕು. ಇಷ್ಟು ಸಾಲದೆಂಬಂತೆ, ಒಂದು ಜಾತಿಯ ಅಳಿಲಿನ ತುಪ್ಪುಳಿನ ಚರ್ಮಕ್ಕೂ ಹಿಂದೆ ಇದೇ ಉಚ್ಚಾರದ ಬೇರೊಂದು ಹೆಸರಿದ್ದಿತು. ಸಿಂಡರೆಲಾ ತೊಟ್ಟುದು ಗಾಜಿನ ಪಾದರಕ್ಷೆಯನ್ನೋ, ತುಪ್ಪುಳಿನ ಪಾದರಕ್ಷೆಯನ್ನೋ ಎಂದು ಬಾಲ್ಜಾಕನಂಥ ಮಹಾ ಕಾದಂಬರಿಕಾರನೂ ತಕರಾರು ತೆಗೆದುದು ಈ ಗೊಂದಲದಿಂದಲೇ. ೧೬೯೭ರಲ್ಲಿ ಆ ಕಥೆಯನ್ನು ಅಚ್ಚು ಹಾಕಿಸಿದ ಶಾರ್ಲ್ ಪೆರೋ ಮಾತ್ರ ಗಾಜೆಂದೇ ಬರೆದಿದ್ದನು.

ಕ್ರಿಯಾಪದಗಳ ಕಾಟ ಇನ್ನೂ ಹೆಚ್ಚಿನದು. 'ನಾನು ಮಾತಾಡುತ್ತೇನೆ', 'ನೀನು ಮಾತಾಡುತ್ತೀಯೆ', 'ಅವರು ಮಾತಾಡುತ್ತಾರೆ' ಎಂಬಲ್ಲಿ ಕ್ರಿಯಾಪದ ಮೂರೂ ಕಡೆ 'ಪಾರ್ಲ್' ಎಂದೇ ಕೇಳಿಸುತ್ತದೆ. ಬರೆಯುವಾಗ ಮಾತ್ರ ಮೂರು ರೂಪ. ಕೊನೆಯ ಅಕ್ಷರಗಳು ಬಾಯಿ ಬಿಡದೆ ಮೂಗರಂತೆ ನಿಂತಿರುತ್ತವೆ. ಕಿವಿಯನ್ನು ನಂಬಿ ಬರೆದ ಮಗು ತಪ್ಪು ಮಾಡಲೇಬೇಕು. ಆ ಮೂಗ ಅಕ್ಷರಗಳನ್ನು ಕಣ್ಣು ಮತ್ತೆ ಮತ್ತೆ ನೋಡಿ ಪರಿಚಯ ಮಾಡಿಕೊಂಡಿರಬೇಕು. ಅಷ್ಟು ಸಲ ನೋಡಬೇಕಾದರೆ ಮಗು ಪುಟಗಟ್ಟಲೆ ಓದಬೇಕು. ಪುಟಗಟ್ಟಲೆ ಓದಬೇಕಾದರೆ ಅದಕ್ಕೆ ಓದಿನಲ್ಲಿ ರುಚಿ ಹುಟ್ಟಬೇಕು.

ಇನ್ನೊಂದು ವಿಚಿತ್ರವಿದೆ. ಫ್ರೆಂಚಿನಲ್ಲಿ 'ಪಾಸೆ ಸಾಂಪ್ಲ್' ಎಂಬ ಒಂದು ಭೂತಕಾಲವಿದೆ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇಂದು ಅದನ್ನು ಆಡುವವರಿಲ್ಲ. ಆದರೆ ರಾಜಕುಮಾರ ಕುದುರೆಯೇರುವುದೂ, ತೋಳ ಬಾಗಿಲು ಬಡಿಯುವುದೂ ಪುಸ್ತಕಗಳಲ್ಲಿ ಆ ಕಾಲದಲ್ಲಿಯೇ. ಅಜ್ಜಿಯೋ ತಾಯಿಯೋ ಪುಸ್ತಕ ಹಿಡಿದು ಓದಿ ಹೇಳಿದ ಕಥೆಗಳನ್ನು ಕೇಳಿ ಬೆಳೆದ ಮಗುವಿಗೆ ಆ ರೂಪಗಳು ತಾವಾಗಿಯೇ ಕಿವಿಯಲ್ಲಿ ನೆಲೆಸಿರುತ್ತವೆ. ಕಥೆ ಕೇಳದ ಮಗು ಶಾಲೆಗೆ ಬಂದಾಗ ತನ್ನ ತಾಯ್ನುಡಿಯಲ್ಲಿಯೇ ಪರಭಾಷೆಯೊಂದನ್ನು ಎದುರಿಸಿದಂತಾಗುತ್ತದೆ. ಪುಸ್ತಕವಿರುವ ಮನೆಯ ಮಗುವಿಗೂ, ಇಲ್ಲದ ಮನೆಯ ಮಗುವಿಗೂ ಅಂತರ ಮೊದಲಾಗುವುದು ಇಲ್ಲಿಂದಲೇ.

ಭಾರತದ ಆಮೆ, ಫ್ರಾನ್ಸಿನ ಪಾಠ

ಫ್ರೆಂಚ್ ಮಕ್ಕಳು ತಲೆಮಾರುಗಳಿಂದ ಬಾಯಿಪಾಠ ಮಾಡಿಕೊಂಡು ಬಂದಿರುವುದು ಲಾ ಫೊಂತೇನ್ ಕವಿಯ ನೀತಿಕಥೆಗಳನ್ನು. ಅವುಗಳ ಮೊದಲ ಸಂಪುಟ ೧೬೬೮ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳ ಅನಂತರ, ೧೬೭೮ರಲ್ಲಿ, ಎರಡನೆಯ ಸಂಗ್ರಹವನ್ನು ಹೊರತಂದಾಗ ಕವಿಯು ತಾನು ಬಹುಮಟ್ಟಿಗೆ ಋಣಿಯಾಗಿರುವುದು ಭಾರತದ ಋಷಿ ಪಿಲ್ಪೇಗೆ ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡನು. ಪಂಚತಂತ್ರದ ಕಥೆಗಳು ಪಾರಸಿ, ಅರಬ್ಬಿ ಭಾಷೆಗಳ ದಾರಿಯಾಗಿ ಯೂರೋಪಿಗೆ ಹೋಗಿ ಮುಟ್ಟಿದಾಗ ಅವುಗಳ ಕರ್ತೃವಿಗೆ ಅಂಟಿಕೊಂಡಿದ್ದ ಹೆಸರು ಅದು. ಕೋಲನ್ನು ಕಚ್ಚಿ ಹಿಡಿದು ಹಕ್ಕಿಗಳೆರಡರ ನೆರವಿನಿಂದ ಆಕಾಶಕ್ಕೇರಿ, ಬಾಯಿ ತೆರೆದು ಕೆಳಗೆ ಬಿದ್ದ ಆಮೆಯ ಕಥೆಯನ್ನು ಪಂಚತಂತ್ರದಲ್ಲಿ ಓದದ ಕನ್ನಡ ಮಕ್ಕಳು ವಿರಳ. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದನು. ಅದೇ ಆಮೆ ಪ್ಯಾರಿಸಿನ ಶಾಲೆಯಲ್ಲಿ ಎರಡು ಬಾತುಗಳ ಜೊತೆ ಹಾರುತ್ತ ಫ್ರೆಂಚ್ ಕಲಿಸುತ್ತಿದೆ!

ಆದರೆ ಈ ಕಥೆಗಳನ್ನು ಮಕ್ಕಳ ಕೈಗೆ ಕೊಡುವುದೇ ತಪ್ಪೆಂದು ವಾದಿಸಿದವನೊಬ್ಬನಿದ್ದನು. ಆತನೇ ಜಾನ್ ಜಾಕ್ ರೂಸೋ. ೧೭೬೨ರಲ್ಲಿ ಪ್ರಕಟವಾದ 'ಎಮಿಲ್' ಗ್ರಂಥದಲ್ಲಿ ಆತನು ಕಾಗೆ ಮತ್ತು ನರಿಯ ಕಥೆಯನ್ನು ಸಾಲುಸಾಲಾಗಿ ಬಿಡಿಸಿ ಪರೀಕ್ಷಿಸಿದನು. ಮಗುವಿಗೆ ಅದರ ಅರ್ಧಕ್ಕರ್ಧ ಮಾತು ತಿಳಿಯುವುದಿಲ್ಲ; ತಿಳಿದರೂ ಅದು ಮೋಸಹೋದ ಕಾಗೆಯ ಕಡೆ ನಿಲ್ಲದೆ ಗೆದ್ದ ನರಿಯನ್ನೇ ಮೆಚ್ಚುತ್ತದೆ; ನೀತಿ ಕಲಿಸಹೋಗಿ ಹೊಗಳುಭಟ್ಟತನವನ್ನು ಕಲಿಸಿದಂತಾಗುತ್ತದೆ ಎಂಬುದು ಆತನ ಆಕ್ಷೇಪ.

ಹಾಗಾದರೆ ಓದು ಕಲಿಸುವ ಬಗೆ ಹೇಗೆ? ರೂಸೋ ಕೊಟ್ಟ ಉತ್ತರ ಸೊಗಸಾಗಿದೆ. ಬಾಲಕ ಎಮಿಲನಿಗೆ ಬಂಧುಮಿತ್ರರಿಂದ ಆಗಾಗ ಚಿಕ್ಕ ಚಿಕ್ಕ ಚೀಟಿಗಳು ಬರುತ್ತವೆ. ಊಟಕ್ಕೆ, ದೋಣಿವಿಹಾರಕ್ಕೆ, ಉತ್ಸವಕ್ಕೆ ಕರೆಯುವ ಚೀಟಿಗಳು. ಓದಿ ಹೇಳುವವರು ಹತ್ತಿರದಲ್ಲಿಲ್ಲ. ಯಾರೋ ಸಿಕ್ಕಿ ಓದಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮತ್ತೊಂದು ಚೀಟಿ ಬರುತ್ತದೆ. ಈ ಸಲ ಹುಡುಗ ತಾನೇ ತಿಣುಕಾಡಿ ಅರ್ಧವನ್ನು ಬಿಡಿಸುತ್ತಾನೆ: ನಾಳೆ ಕೆನೆ ತಿನ್ನಲು ಬರಬೇಕಂತೆ. ಎಲ್ಲಿಗೆ? ಯಾರ ಮನೆಗೆ? ಉಳಿದರ್ಧವನ್ನು ಓದಲು ಆ ಹುಡುಗ ಎಷ್ಟು ಶ್ರಮಪಡುವುದಿಲ್ಲ! ಕಲಿಯಬೇಕೆಂಬ ಆಸೆ ಹುಟ್ಟಿಸಿ; ಆಮೇಲೆ ಯಾವ ಕ್ರಮವಾದರೂ ಸರಿಯೇ, ಎಂಬುದು ರೂಸೋವಿನ ಮತ. ಇಂಥ ಹುಡುಗನಿಗೆ ಆತನು ಎಲ್ಲಕ್ಕಿಂತ ಮೊದಲು ಕೊಡಬಯಸಿದ ಪುಸ್ತಕವೂ ಒಂದು ಕಥೆಯೇ: ರಾಬಿನ್ಸನ್ ಕ್ರೂಸೋ.

ಮಂಜಿನಲ್ಲಿ ಹೊರಟ ಇಬ್ಬರು ಮಕ್ಕಳು

ರೂಸೋವಿನ ಎಮಿಲ್ ಒಬ್ಬನೇ ಶಿಷ್ಯ; ಅವನಿಗಾಗಿಯೇ ಒಬ್ಬ ಗುರು. ದೇಶದ ಮಕ್ಕಳೆಲ್ಲರೂ ಒಂದೇ ಸಲ ಶಾಲೆಗೆ ಬಂದರೆ ಏನು ಮಾಡುವುದು? ೧೯ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿಗೆ ಈ ಪ್ರಶ್ನೆ ಎದುರಾಯಿತು. ಮಂತ್ರಿ ಜೂಲ್ ಫೆರಿಯ ಕಾಲದಲ್ಲಿ, ೧೮೮೧ರ ಶಾಸನ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಸಿತು. ೧೮೮೨ರ ಶಾಸನ ೬ರಿಂದ ೧೩ ವರ್ಷದವರೆಗಿನ ಮಕ್ಕಳಿಗೆ ಅದನ್ನು ಕಡ್ಡಾಯ ಮಾಡಿತು. ಅನೇಕ ಹಳ್ಳಿಗಳಲ್ಲಿ ಮಕ್ಕಳ ಮನೆಮಾತು ಫ್ರೆಂಚೇ ಆಗಿರಲಿಲ್ಲ. ಬ್ರಿಟನಿಯಲ್ಲಿ ಬ್ರೆಟನ್, ದಕ್ಷಿಣದಲ್ಲಿ ಒಕ್ಸಿತಾನ್, ಗಡಿಯಲ್ಲಿ ಬಾಸ್ಕ್. ಅವರೆಲ್ಲರ ಕೈಗೂ ಹೋದ ಒಂದು ಪುಸ್ತಕ ೧೮೭೭ರಲ್ಲಿಯೇ ಸಿದ್ಧವಾಗಿದ್ದಿತು. 'ಇಬ್ಬರು ಮಕ್ಕಳ ಫ್ರಾನ್ಸ್ ಪ್ರವಾಸ' ಎಂಬುದು ಅದರ ಹೆಸರು, ಕರ್ತೃ ಜಿ. ಬ್ರೂನೋ.

೧೮೭೦-೭೧ರ ಯುದ್ಧದಲ್ಲಿ ಫ್ರಾನ್ಸ್ ಸೋತು, ಆಲ್ಸೇಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಯ ವಶವಾಗಿದ್ದಿತು. ಕಥೆ ಮೊದಲಾಗುವುದು ಆಗಲೇ. ಸೆಪ್ಟೆಂಬರಿನ ಒಂದು ದಟ್ಟ ಮಂಜಿನಲ್ಲಿ ಫಾಲ್ಸ್‌ಬೂರ್ ಪಟ್ಟಣದ ಹೆಬ್ಬಾಗಿಲಿನಿಂದ ಇಬ್ಬರು ಬಾಲಕರು ಕೈಕೈ ಹಿಡಿದು ಹೊರಡುತ್ತಾರೆ. ಅಣ್ಣ ಆಂದ್ರೆಗೆ ಹದಿನಾಲ್ಕು. ತಮ್ಮ ಜೂಲಿಯೆನ್ನನಿಗೆ ಏಳು. ತಾಯಿ ಮೊದಲೇ ತೀರಿಹೋಗಿದ್ದಳು. ತಂದೆಯೂ ಈಗ ತೀರಿಕೊಂಡಿದ್ದಾನೆ. ಗಡಿ ದಾಟಿ ಫ್ರಾನ್ಸನ್ನು ಸೇರಿ, ಮಾರ್ಸೇಲ್ಸಿನಲ್ಲಿರುವ ಚಿಕ್ಕಪ್ಪನನ್ನು ಹುಡುಕಿ, ಫ್ರೆಂಚ್ ಪ್ರಜೆಗಳಾಗಿ ಉಳಿಯಬೇಕು. ತಂದೆಯ ಕೊನೆಯ ಆಸೆ ಅದು.

ಅಲ್ಲಿಂದ ಮುಂದೆ ೧೨೦ಕ್ಕೂ ಹೆಚ್ಚು ಚಿಕ್ಕ ಅಧ್ಯಾಯಗಳು. ಒಂದೊಂದೂ ಒಂದೊಂದು ಪಾಠದ ಅಳತೆಯದು. ತಲೆಯಲ್ಲಿ ಒಂದು ನೀತಿವಾಕ್ಯ. ನಡುವೆ ವಿವರಣೆಯೊಡನೆ ಒಂದು ಚಿತ್ರ. ಕೊನೆಯಲ್ಲಿ ಮುಂದೇನಾಗುವುದೋ ಎಂಬ ತವಕ. ಇಂಥ ಚಿತ್ರಗಳು ೨೦೦ಕ್ಕೂ ಮೇಲ್ಪಟ್ಟಿವೆ. ತಿಯೇರ್ ಊರಿನ ಚಾಕುಚೂರಿ, ಲ ಕ್ರೂಜೋದ ಕಬ್ಬಿಣದ ಕಾರ್ಖಾನೆ, ಲಿಯೋನಿನ ರೇಷ್ಮೆ, ದಕ್ಷಿಣದ ಕಾಲುವೆ, ಬೋರ್ಡೋದ ಬಂದರು, ಹಡಗು ಒಡೆದ ರಾತ್ರಿ—ಹೀಗೆ ಹುಡುಗರು ನಡೆದಲ್ಲೆಲ್ಲ ಓದುವ ಮಗುವೂ ನಡೆಯುತ್ತದೆ. ದಾರಿಯಲ್ಲಿ ಜೂಲಿಯೆನ್ನನಿಗೆ ದೇಶದ ಮಹಾಪುರುಷರನ್ನು ಕುರಿತ ಪುಸ್ತಕವೊಂದು ಉಡುಗೊರೆಯಾಗಿ ದೊರೆಯುತ್ತದೆ. ಬಿಡುವು ಸಿಕ್ಕಾಗಲೆಲ್ಲ ಅವನು ಅದನ್ನು ತೆರೆಯುತ್ತಾನೆ. ಓದುವ ಹುಡುಗನ ಕಥೆಯನ್ನು ಓದುತ್ತ ಓದುತ್ತ ಮಕ್ಕಳು ಓದುಗರಾದರು! ಹತ್ತು ವರ್ಷಗಳಲ್ಲಿ ೩೦ ಲಕ್ಷ ಪ್ರತಿಗಳು ಖರ್ಚಾದುವು. ೧೯೦೧ರ ವೇಳೆಗೆ ಆ ಸಂಖ್ಯೆ ೬೦ ಲಕ್ಷಕ್ಕೆ ಏರಿದ್ದಿತು.

ಈ ಜಿ. ಬ್ರೂನೋ ಯಾರು? ಯಾರೋ ವಿದ್ವಾಂಸನಾದ ಪುರುಷನೆಂದೇ ಜನ ಬಹುಕಾಲ ಭಾವಿಸಿದ್ದರು. ಬರೆದವಳು ಓಗುಸ್ತೀನ್ ಎಂಬ ಮಹಿಳೆ. ಮೊದಲ ಗಂಡನ ಹಿಂಸೆಯನ್ನು ತಾಳಲಾರದೆ ಆತನಿಂದ ಬೇರೆಯಾದ ಆಕೆ, ಮಗನನ್ನು ಕರೆದುಕೊಂಡು, ತತ್ತ್ವಶಾಸ್ತ್ರಜ್ಞ ಆಲ್ಫ್ರೆಡ್ ಫೂಯೇಯ ಜೊತೆಯಲ್ಲಿ ಬಾಳುತ್ತಿದ್ದಳು. ಅಂದಿನ ಫ್ರಾನ್ಸಿನಲ್ಲಿ ವಿವಾಹ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಮಕ್ಕಳಿಗೆ ಸದಾಚಾರ ಬೋಧಿಸುವ ಪುಸ್ತಕದ ಮೇಲೆ ಅಂಥ ಮಹಿಳೆಯ ಹೆಸರಿದ್ದರೆ ಯಾವ ಶಾಲೆ ತಾನೆ ಅದನ್ನು ಒಳಗೆ ಬಿಟ್ಟೀತು? ಆದುದರಿಂದ ಆಕೆ ೧೬೦೦ರಲ್ಲಿ ರೋಮಿನಲ್ಲಿ ಜೀವಂತ ಸುಡಲ್ಪಟ್ಟ ತತ್ತ್ವಜ್ಞಾನಿ ಜಿಯೋರ್ಡಾನೋ ಬ್ರೂನೋವಿನ ಹೆಸರನ್ನು ಮರೆಯಾಗಿ ಹಿಡಿದಳು. ೧೮೮೪ರಲ್ಲಿ ವಿಚ್ಛೇದನದ ಶಾಸನ ಮರಳಿ ಬಂದಿತು. ೧೮೮೫ರಲ್ಲಿ ಆಕೆ ಫೂಯೇಯನ್ನು ವಿಧಿವತ್ತಾಗಿ ವಿವಾಹವಾದಳು. ಮನೆಗಾಗಿ ಅಲೆಯುವ ಮಕ್ಕಳ ಕಥೆಯನ್ನು ಬರೆದವಳಿಗೆ ಮನೆಯ ಬೆಲೆ ಗೊತ್ತಿದ್ದಿತು.

ಆದರೆ ರೂಸೋವಿನ ಎಚ್ಚರಿಕೆಯನ್ನು ಇಲ್ಲಿಯೂ ಮರೆಯುವಂತಿಲ್ಲ. ಸಿಹಿಯೊಳಗೆ ಇಟ್ಟುಕೊಟ್ಟ ಮದ್ದು ಎಲ್ಲವೂ ಒಳ್ಳೆಯದಲ್ಲ. ಮನುಷ್ಯಕುಲವನ್ನು ನಾಲ್ಕು ಜನಾಂಗಗಳಾಗಿ ವಿಂಗಡಿಸಿ, ಬಿಳಿಯರೇ ಎಲ್ಲರಿಗಿಂತ ಪರಿಪೂರ್ಣರೆಂದು ಸಾರುವ ಒಂದು ಪುಟವೂ ಅದರಲ್ಲಿದ್ದಿತು. ಲಕ್ಷಾಂತರ ಮಕ್ಕಳು ಅಕ್ಷರದ ಜೊತೆಗೆ ಅದನ್ನೂ ಕಲಿತರು. ೧೯೦೫ರಲ್ಲಿ ಧರ್ಮವನ್ನೂ ರಾಜ್ಯವನ್ನೂ ಬೇರ್ಪಡಿಸುವ ಶಾಸನವಾದ ಮೇಲೆ, ೧೯೦೬ರ ಆವೃತ್ತಿಯಿಂದ ದೇವರ ಪ್ರಸ್ತಾಪಗಳನ್ನು ತೆಗೆದುಹಾಕಲಾಯಿತು. ಮಕ್ಕಳ ಕಥೆಯಲ್ಲಿ ಏನಿರಬೇಕು ಏನಿರಬಾರದು ಎಂಬುದನ್ನು ಗೊತ್ತುಮಾಡುವವರು ಯಾವಾಗಲೂ ದೊಡ್ಡವರೇ. ಮಕ್ಕಳು ತಾವೇ ಬರೆದರೆ?

ಬಸವನಹುಳುಗಳ ಪಂದ್ಯ

ಈ ಪ್ರಶ್ನೆಯನ್ನು ಎತ್ತಿದವನು ಸೆಲೆಸ್ತೆನ್ ಫ್ರೆನೆ ಎಂಬ ಹಳ್ಳಿಯ ಮೇಷ್ಟರು. ೧೮೯೬ರಲ್ಲಿ ಫ್ರಾನ್ಸಿನ ಆಗ್ನೇಯದ ಬೆಟ್ಟಸೀಮೆಯ ಗಾರ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಆತನು ಉಪಾಧ್ಯಾಯನಾಗುವ ಹೊತ್ತಿಗೆ ಮೊದಲನೆಯ ಮಹಾಯುದ್ಧ ಬಂದಿತು. ೧೯೧೭ರಲ್ಲಿ ಗುಂಡೇಟು ತಗುಲಿ ಶ್ವಾಸಕೋಶಕ್ಕೆ ಊನವಾಯಿತು. ೧೯೨೦ರಲ್ಲಿ ಬಾರ್-ಸುರ್-ಲೂ ಎಂಬ ಗ್ರಾಮದ ಶಾಲೆಗೆ ಆತನ ನೇಮಕವಾದಾಗ, ಗಟ್ಟಿಯಾಗಿ ಹೆಚ್ಚು ಹೊತ್ತು ಮಾತಾಡಿದರೆ ಉಸಿರು ನಿಲ್ಲುತ್ತಿರಲಿಲ್ಲ. ಮಾತಾಡಲಾರದ ಮೇಷ್ಟರು! ಆತನು ಮಕ್ಕಳನ್ನು ಕರೆದುಕೊಂಡು ಹೊಲ, ತೋಪು, ಕಮ್ಮಾರಸಾಲೆ, ನೇಯ್ಗೆಯವರ ಮನೆಗಳಿಗೆ ತಿರುಗಾಡಲು ಹೊರಟನು. ಹೊರಗೆ ಚಿಲಿಪಿಲಿಗುಟ್ಟುತ್ತಿದ್ದ ಮಕ್ಕಳು ಒಳಗೆ ಬಂದು ಪಠ್ಯಪುಸ್ತಕ ತೆರೆದೊಡನೆ ಆಕಳಿಸುತ್ತಿದ್ದರು.

ಒಂದು ದಿನ ಹುಡುಗರು ತಂದಿದ್ದ ಬಸವನಹುಳುಗಳು ಮೇಜಿನ ಮೇಲೆ ಪಂದ್ಯ ಹೂಡಿದುವು. ತರಗತಿಗೆ ತರಗತಿಯೇ ಅವುಗಳ ಸುತ್ತ ಕವಿಯಿತು. ಫ್ರೆನೆ ಗದರಲಿಲ್ಲ. ಪಂದ್ಯದ ವಿಷಯವಾಗಿ ಮಕ್ಕಳು ಹೇಳಿದ ಮಾತುಗಳನ್ನೇ ಕಪ್ಪುಹಲಗೆಯ ಮೇಲೆ ಬರೆದನು. ಅಂದಿನ ಓದಿನ ಪಾಠ ಅದೇ. ತಮ್ಮದೇ ಮಾತು ಅಕ್ಷರವಾಗಿ ನಿಂತುದನ್ನು ಕಂಡು ಮಕ್ಕಳ ಮುಖ ಅರಳಿತು. ಆದರೆ ಸಂಜೆ ಹಲಗೆಯನ್ನು ಒರಸಿದರೆ ಎಲ್ಲವೂ ಮಾಯ. ಅದು ಉಳಿಯಬೇಕೆಂದು ೧೯೨೪ರಲ್ಲಿ ಆತನು ಒಂದು ಚಿಕ್ಕ ಕೈ ಅಚ್ಚುಯಂತ್ರವನ್ನು ಕೊಂಡು ತಂದನು.

ಅಚ್ಚಿನ ಮೊಳೆಗಳು ಮಾಡಿದ ಉಪಕಾರ ಹೇಳತೀರದು. ಒಂದು ಪದವನ್ನು ಜೋಡಿಸಬೇಕಾದರೆ ಅದರ ಪ್ರತಿಯೊಂದು ಅಕ್ಷರವನ್ನೂ ಮನೆಯಿಂದ ಹುಡುಕಿ ಬೆರಳಿನಿಂದ ಎತ್ತಿಡಬೇಕು. ಉಚ್ಚಾರದಲ್ಲಿಲ್ಲದ ಆ ಮೂಗ ಅಕ್ಷರಗಳಿಗೂ ಕೈಯಲ್ಲಿ ತೂಕವಿದೆ! ಒಂದು ತಪ್ಪಿದರೆ ಸಾಲನ್ನೇ ಬಿಚ್ಚಿ ಮತ್ತೆ ಕಟ್ಟಬೇಕು. ಉಕ್ತಲೇಖನದಲ್ಲಿ ತಪ್ಪು ಮಾಡಿದರೆ ಮೇಷ್ಟರಿಗೆ ಕೋಪ. ಇಲ್ಲಿ ತಪ್ಪಾದರೆ ಅದು ಓದುವವರೆಲ್ಲರ ಕಣ್ಣಿಗೂ ಬೀಳುತ್ತದೆ. ಕಾಗುಣಿತ ದಂಡನೆಯಾಗಿದ್ದುದು ಮರ್ಯಾದೆಯ ಮಾತಾಯಿತು.

ಓದುವವರಾದರೂ ಯಾರು? ದೇಶದ ಇನ್ನೊಂದು ತುದಿಯಲ್ಲಿ, ಬ್ರಿಟನಿಯ ಕಡಲ ತೀರದ ತ್ರೆಗಂಕ್ ಎಂಬಲ್ಲಿ, ರೆನೆ ದಾನಿಯೆಲ್ ಎಂಬ ಉಪಾಧ್ಯಾಯನಿದ್ದನು. ಇಲ್ಲಿಯ ಮಕ್ಕಳು ಅಚ್ಚು ಹಾಕಿದ ಹಾಳೆಗಳು ಅಲ್ಲಿಗೆ. ಅಲ್ಲಿಯ ಮಕ್ಕಳವು ಇಲ್ಲಿಗೆ. ಬೆಟ್ಟದ ಮಕ್ಕಳಿಗೆ ಕಡಲಿನಿಂದ ಓಲೆ ಬಂದಿತು. ರೂಸೋ ಕಲ್ಪಿಸಿದ್ದ ಚೀಟಿ ನಿಜವಾಗಿಯೂ ಅಂಚೆಯವನ ಚೀಲದಲ್ಲಿ ಬಂದಂತಾಯಿತು. ೧೯೨೭ರಿಂದ ಬೇರೆ ಬೇರೆ ಶಾಲೆಗಳ ಬರೆಹಗಳನ್ನು ಒಟ್ಟುಗೂಡಿಸಿ 'ಲ ಜೆರ್ಬ್' ಎಂಬ ಪತ್ರಿಕೆಯೇ ಹೊರಟಿತು. 'ಲ ಜೆರ್ಬ್' ಎಂದರೆ ತೆನೆಯ ಸಿವುಡು. ಮಕ್ಕಳೇ ಲೇಖಕರು, ಮಕ್ಕಳೇ ಓದುಗರು.

ಸುಖವಾಗಿ ಮುಗಿಯುವ ಕಥೆಯಲ್ಲ ಇದು. ೧೯೨೮ರಲ್ಲಿ ಫ್ರೆನೆ ಸೇಂಟ್ ಪೋಲ್ ಗ್ರಾಮಕ್ಕೆ ಬಂದನು. ಅಲ್ಲಿ ಒಬ್ಬ ಹುಡುಗ ತನಗೆ ಬಿದ್ದ ಕನಸನ್ನು ಬರೆದನು. ಕನಸಿನಲ್ಲಿ ಮಕ್ಕಳು ದಂಗೆ ಎದ್ದು, ಊರಿನ ಮೇಯರ್ ಸಾಯುತ್ತಾನೆ. ೧೯೩೨ರ ಡಿಸೆಂಬರಿನಲ್ಲಿ ಆ ಬರೆಹವನ್ನು ಎತ್ತಿಕೊಂಡು, ಮಕ್ಕಳನ್ನು ಕೆಡಿಸುವ ಉಪಾಧ್ಯಾಯನೆಂದು ದೂರುವ ಭಿತ್ತಿಪತ್ರಗಳು ಊರ ಗೋಡೆಗಳ ಮೇಲೆ ಕಾಣಿಸಿಕೊಂಡುವು. ಪತ್ರಿಕೆಗಳು ಬೆಂಕಿಗೆ ಗಾಳಿ ಹಾಕಿದುವು. ೧೯೩೩ರಲ್ಲಿ ಉದ್ರಿಕ್ತ ಜನ ಶಾಲೆಯ ಮುಂದೆ ನೆರೆಯಿತು. ಫ್ರೆನೆ ಆ ಊರನ್ನು ಬಿಡಬೇಕಾಯಿತು. ಮಗುವಿಗೆ ನಿಜವಾಗಿಯೂ ತನ್ನ ಮಾತನ್ನು ಬರೆಯಲು ಬಿಟ್ಟರೆ, ದೊಡ್ಡವರಿಗೆ ಬೇಡವಾದುದೂ ಬರುತ್ತದೆ. ಅದರ ಬೆಲೆಯನ್ನು ತೆತ್ತವನು ಮೇಷ್ಟರು.

ಆತನು ಸೋಲಲಿಲ್ಲ. ಹೆಂಡತಿ ಎಲೀಸಳ ಜೊತೆಗೂಡಿ ೧೯೩೫ರಲ್ಲಿ ವಾನ್ಸ್ ಪಟ್ಟಣದ ಬಳಿ ಸ್ವಂತ ಶಾಲೆಯನ್ನೇ ತೆರೆದನು. ೧೯೪೦ರಲ್ಲಿ ಬಂಧನಶಿಬಿರವನ್ನೂ ಕಂಡು ಬಂದನು. ೧೯೪೯ರಲ್ಲಿ ಆತನ ಕಥೆಯನ್ನಾಧರಿಸಿದ ಚಲನಚಿತ್ರ ತೆರೆಕಂಡಿತು. ೧೯೬೬ರಲ್ಲಿ ತೀರಿಕೊಳ್ಳುವ ವೇಳೆಗೆ ಆತನ ಪದ್ಧತಿ ಹಲವು ದೇಶಗಳಿಗೆ ಹರಡಿದ್ದಿತು.

ಉರುಳುವ ರೊಟ್ಟಿ

ಅತ್ತ ಪ್ಯಾರಿಸಿನಲ್ಲಿ ಪುಸ್ತಕಗಳ ಕಡೆಯಿಂದಲೂ ಹೊಸ ಗಾಳಿ ಬೀಸಿದ್ದಿತು. ೧೯೨೪ರ ನವೆಂಬರಿನಲ್ಲಿ, ಅಮೆರಿಕದ ಸಂಸ್ಥೆಯೊಂದರ ಕೊಡುಗೆಯಿಂದ, 'ಲರ್ ಜ್ವಾಯೋಜ್' ಎಂಬ ಮಕ್ಕಳ ಪುಸ್ತಕಾಲಯ ತೆರೆಯಿತು. ಆ ಹೆಸರಿನ ಅರ್ಥ 'ಸಂತೋಷದ ಗಳಿಗೆ'. ಹುಡುಗರೂ ಹುಡುಗಿಯರೂ ಒಟ್ಟಿಗೆ ಬಂದು, ಬೀಗವಿಲ್ಲದ ಕಪಾಟಿನಿಂದ ತಮಗೆ ಬೇಕಾದುದನ್ನು ತಾವೇ ತೆಗೆದುಕೊಳ್ಳಬಹುದಾಗಿದ್ದಿತು. ಅಂದಿಗೆ ಅದೊಂದು ಸೋಜಿಗ.

ಪುಸ್ತಕ ತೆರೆದಿಟ್ಟರೆ ಸಾಲದು, ಅದು ಮಗುವಿನ ಕೈಗೂ ಮನೆಯವರ ಕಿಸೆಗೂ ಎಟುಕಬೇಕೆಂದು ಪಣ ತೊಟ್ಟವನು ಪೋಲ್ ಫೋಶೆ. ೧೯೩೧ರಿಂದ ಆತನು 'ಪೆರ್ ಕಾಸ್ತೋರ್' ಎಂಬ ಹೆಸರಿನಲ್ಲಿ ಚಿತ್ರಪುಸ್ತಕಗಳನ್ನು ಹೊರತರತೊಡಗಿದನು. 'ಕಾಸ್ತೋರ್' ಎಂದರೆ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿಕೊಂಡು ಬಾಳುವ ಬೀವರ್ ಎಂಬ ಪ್ರಾಣಿ. ಅಂದಿನ ಚಿತ್ರಪುಸ್ತಕಗಳೆಂದರೆ ದಪ್ಪ ರಟ್ಟಿನವು, ಬೆಲೆ ಹೆಚ್ಚಿನವು, ಹಬ್ಬಕ್ಕೊಮ್ಮೆ ಕೊಡುವಂಥವು. ಫೋಶೆಯ ಪುಸ್ತಕಗಳೋ ತೆಳ್ಳಗೆ, ಹಗುರವಾಗಿ, ಅಗ್ಗವಾಗಿದ್ದುವು. ರಷ್ಯದಿಂದ ಬಂದು ನೆಲೆಸಿದ್ದ ನತಾಲಿ ಪಾರೆನ್, ರೊಜಾನ್‌ಕೊವ್‌ಸ್ಕಿ ಮೊದಲಾದ ಶ್ರೇಷ್ಠ ಕಲಾವಿದರು ಚಿತ್ರ ಬರೆದರು. ಫೋಶೆಯ ಹೆಂಡತಿ ಲೀಡಾ ಅಳಿಲು, ಮೊಲ, ಕರಡಿಗಳ ಬಾಳನ್ನು ಕಥೆಯಾಗಿಸಿದಳು. ಯುದ್ಧ ಮುಗಿದ ಮೇಲೆ ಒಂದು ಚಿಕ್ಕ ಶಾಲೆಯನ್ನೂ ನಡೆಸಿ, ಅಲ್ಲಿಯ ಮಕ್ಕಳ ಮುಂದೆ ಪುಸ್ತಕಗಳನ್ನು ಪರೀಕ್ಷೆಗೆ ಒಡ್ಡಿದನು. ೨೦೧೭ರಲ್ಲಿ ಯುನೆಸ್ಕೊ ಸಂಸ್ಥೆ ಪೆರ್ ಕಾಸ್ತೋರಿನ ದಾಖಲೆಗಳನ್ನು ವಿಶ್ವಸ್ಮರಣೆಯ ಪಟ್ಟಿಗೆ ಸೇರಿಸಿ ಗೌರವಿಸಿತು.

೧೯೫೦ರಲ್ಲಿ ಬಂದ 'ರೂಲ್ ಗಾಲೆತ್' ಈ ಮಾಲೆಯ ಒಂದು ಅಚ್ಚುಮೆಚ್ಚಿನ ಪುಸ್ತಕ. ನತಾ ಕಾಪುತೋ ಹೇಳಿದ, ಪಿಯೆರ್ ಬೆಲ್ವೆಸ್ ಚಿತ್ರಿಸಿದ ಕಥೆ. ಮುದುಕಿಯೊಬ್ಬಳು ಅಟ್ಟದ ಮೇಲೆ ಉಳಿದಿದ್ದ ಗೋಧಿಯನ್ನು ಗುಡಿಸಿ ತಂದು ಗಾಲೆತ್ ಎಂಬ ದುಂಡು ರೊಟ್ಟಿಯನ್ನು ಬೇಯಿಸುತ್ತಾಳೆ. ರೊಟ್ಟಿ ಕಿಟಕಿಯಿಂದ ಹಾರಿ ಉರುಳುತ್ತ ಓಡುತ್ತದೆ. ಮೊಲ ಸಿಗುತ್ತದೆ, ತೋಳ ಸಿಗುತ್ತದೆ, ಕರಡಿ ಸಿಗುತ್ತದೆ. ಒಂದೊಂದಕ್ಕೂ ಅದೇ ಹಾಡನ್ನು ಹಾಡಿ ರೊಟ್ಟಿ ತಪ್ಪಿಸಿಕೊಳ್ಳುತ್ತದೆ. ಕೊನೆಗೆ ಸಿಕ್ಕ ನರಿ ಕಿವುಡನಂತೆ ನಟಿಸಿ, ಹತ್ತಿರ ಕರೆದು, ಗುಳಕ್ಕನೆ ನುಂಗುತ್ತದೆ.

ಈ ಕಥೆಯ ಕಟ್ಟಣೆಯಲ್ಲಿಯೇ ಒಂದು ಪಾಠವಿದೆ. ಹಾಡು ಮೊದಲ ಸಲ ಬಂದಾಗ ಮಗು ಕೇಳುತ್ತದೆ. ಎರಡನೆಯ ಸಲ ಜೊತೆಗೂಡಿ ಹೇಳುತ್ತದೆ. ಮೂರನೆಯ ಸಲ ಬೆರಳಿಟ್ಟು ತಾನೇ 'ಓದುತ್ತದೆ'. ಕಿವಿಗೆ ಚಿರಪರಿಚಿತವಾದ ಮಾತು ಕಣ್ಣಿಗೂ ಪರಿಚಯವಾಗುತ್ತದೆ. ಆಮೇಲೆ ಉಪಾಧ್ಯಾಯಿನಿ ಕೇಳುತ್ತಾಳೆ: ಕರಡಿಗೂ ನರಿಗೂ ನಡುವೆ ರೊಟ್ಟಿಗೆ ಇನ್ನೊಂದು ಪ್ರಾಣಿ ಸಿಕ್ಕಿದ್ದರೆ? ಒಬ್ಬನು ಬೆಕ್ಕೆನ್ನುತ್ತಾನೆ, ಒಬ್ಬಳು ಆನೆಯೆನ್ನುತ್ತಾಳೆ. ಕಥೆಯ ಎರಕ ಸಿದ್ಧವಾಗಿಯೇ ಇದೆ. ಅದರಲ್ಲಿ ತನ್ನದೊಂದು ಸಾಲನ್ನು ಹೊಯ್ಯುವುದು ಆರು ವರ್ಷದವರಿಗೂ ಸಾಧ್ಯ. ಹೀಗೆ ಓದು ಬರೆಹಕ್ಕೆ ದಾರಿ ಬಿಡುತ್ತದೆ. ದೊಡ್ಡ ಮಕ್ಕಳಿಗಾದರೆ ಕಥೆಯನ್ನು ಕುತೂಹಲದ ತುದಿಯಲ್ಲಿ ನಿಲ್ಲಿಸಿ ಮುಂದಿನದನ್ನು ಬರೆಯಹೇಳುತ್ತಾರೆ. ಅನಂತರ ಮೂಲ ಲೇಖಕನದನ್ನು ಓದಿ ಎರಡನ್ನೂ ಹೋಲಿಸಿ ನೋಡುತ್ತಾರೆ. ತಾನೂ ಒಂದು ಮುಕ್ತಾಯವನ್ನು ಬರೆದಿರುವ ಮಗು ಲೇಖಕನದನ್ನು ಎಷ್ಟು ಆಸಕ್ತಿಯಿಂದ ಓದುತ್ತದೆಯೆಂಬುದನ್ನು ಹೇಳಬೇಕಾದುದಿಲ್ಲ.

ಫ್ರೆಂಚನ್ನು ಪರಭಾಷೆಯಾಗಿ ಕಲಿಯುವವರಿಗೂ ಮಕ್ಕಳ ಪುಸ್ತಕಗಳೇ ಆಸರೆ. ಗೊಸಿನ್ನಿ ಬರೆದು ಸಾಂಪೆ ಚಿತ್ರಿಸಿದ 'ಪುಟ್ಟ ನಿಕೊಲಾ' ೧೯೬೦ರಲ್ಲಿ ಪುಸ್ತಕವಾಯಿತು. ಅದರಲ್ಲಿ ಕಥೆ ಹೇಳುವವನು ಶಾಲೆಯ ಹುಡುಗ. ಭಾಷೆ ಹುಡುಗರು ಆಡುವ ಭಾಷೆ. ಬೀದಿಯ ಫ್ರೆಂಚನ್ನು ನಿಕೊಲಾನಿಂದ, ಪುಸ್ತಕದ ಫ್ರೆಂಚನ್ನು ಪೆರೋವಿನ ಕಥೆಗಳಿಂದ ಕಲಿತರೆ ಎರಡು ಕಣ್ಣೂ ತೆರೆದಂತೆ.

ಗುಳಿಗೆಯಾದ ಕಥೆ

ಬಹುಕಾಲ ಉತ್ಸಾಹಿ ಉಪಾಧ್ಯಾಯರ ಪ್ರಯೋಗವಾಗಿದ್ದುದಕ್ಕೆ ೨೦೦೨ರಲ್ಲಿ ಸರಕಾರದ ಮುದ್ರೆ ಬಿದ್ದಿತು. ಪ್ರಾಥಮಿಕ ಶಾಲೆಯ ಪಾಠಕ್ರಮದಲ್ಲಿ ಸಾಹಿತ್ಯಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ ೧೮೦ ಪುಸ್ತಕಗಳ ಪಟ್ಟಿ ಪ್ರಕಟವಾಯಿತು. ೨೦೦೪ರಲ್ಲಿ ಅದು ೩೦೦ಕ್ಕೆ ಬೆಳೆಯಿತು. ವರ್ಷಕ್ಕೆ ಹತ್ತು ಪುಸ್ತಕ: ಕನಿಷ್ಠ ಎರಡು ಪ್ರಾಚೀನ ಕೃತಿ, ಎಂಟು ಇಂದಿನವು ಎಂದು ಗೊತ್ತುಮಾಡಲಾಯಿತು. ಪುಸ್ತಕವಿಲ್ಲದ ಮನೆಯ ಮಗುವಿಗೆ ಶಾಲೆಯಾದರೂ ಅವನ್ನು ಒದಗಿಸಲಿ ಎಂಬುದು ಇದರ ಆಶಯ.

ಆದರೆ ಪಟ್ಟಿಯಿಂದಲೇ ಓದು ಹುಟ್ಟುವುದಿಲ್ಲ. ಕಥೆ ಪಠ್ಯವಾದೊಡನೆ ಅದರ ಹಿಂದೆ ಪ್ರಶ್ನೆಗಳ ಸಾಲೂ ಬರುತ್ತದೆ. ತೋಳದ ಬಣ್ಣ ಯಾವುದು? ಮೂರನೆಯ ಸಾಲಿನಲ್ಲಿರುವ ಗುಣವಾಚಕ ಯಾವುದು? ಹೀಗೆ ಕೇಳತೊಡಗಿದರೆ ಕಥೆ ಕಹಿ ಗುಳಿಗೆಯಾಗುತ್ತದೆ. ಇನ್ನೊಂದು ಕಡೆ, ಕಥೆಯ ಮೋಹದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸುವುದನ್ನು ಮರೆತರೆ, ಮಗು ಚಿತ್ರ ನೋಡಿ ಊಹಿಸುತ್ತದೆಯೇ ಹೊರತು ಓದುವುದಿಲ್ಲ. ಈ ಎರಡು ಪಕ್ಷಗಳ ಜಗಳ ಫ್ರಾನ್ಸಿನಲ್ಲಿ ಬಹಳ ಹಳೆಯದು. ೨೦೦೬ರಲ್ಲಿ ಶಿಕ್ಷಣಮಂತ್ರಿಯೇ ನಡುವೆ ಬಂದು, ಅಕ್ಷರಕ್ರಮವನ್ನು ಬಿಡಕೂಡದೆಂದು ಆಜ್ಞೆ ಮಾಡಬೇಕಾಯಿತು.

ಜಗಳ ತೀರಿದರೂ ಚಿಂತೆ ತೀರಿಲ್ಲ. ಹತ್ತು ವರ್ಷದ ಮಕ್ಕಳ ಓದನ್ನು ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಫ್ರಾನ್ಸಿನ ಸರಾಸರಿ ೨೦೦೧ರಲ್ಲಿ ೫೨೫ ಇದ್ದುದು ೨೦೧೬ರಲ್ಲಿ ೫೧೧ಕ್ಕೆ ಇಳಿಯಿತು. ೨೦೨೧ರಲ್ಲಿ ಕೊಂಚ ಏರಿ ೫೧೪ಕ್ಕೆ ಬಂದಿತು. ಅಕ್ಷರ ಬಂದ ಮಗುವಿಗೆಲ್ಲ ಓದು ಬಂದಿತೆಂದು ಹೇಳುವಂತಿಲ್ಲ. ಅಕ್ಷರ ಕಾಲಿದ್ದಂತೆ, ನಡೆಯಬೇಕಾದರೆ ಕಾಲು ಬೇಕು. ಆದರೆ ಹೋಗಬೇಕೆನ್ನಿಸುವ ಊರೊಂದು ಎದುರಿಗಿಲ್ಲದಿದ್ದರೆ ಕಾಲಿದ್ದವರೂ ಕುಳಿತಲ್ಲ್ಲೇ ಕುಳಿತಿರುತ್ತಾರೆ.

೨೦೧೮ರ ಬೇಸಗೆಯಲ್ಲಿ, ಪ್ರಾಥಮಿಕ ಶಾಲೆಯನ್ನು ಮುಗಿಸಿ ಹೊರಟ ಫ್ರಾನ್ಸಿನ ಲಕ್ಷಾಂತರ ಮಕ್ಕಳಿಗೆ ರಜೆಯಲ್ಲಿ ಓದಲೆಂದು ಸರಕಾರ ಒಂದೊಂದು ಪುಸ್ತಕವನ್ನು ಉಡುಗೊರೆಯಾಗಿ ಹಂಚಿತು. ಅದಕ್ಕೆ ಪ್ರಶ್ನೋತ್ತರವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಪುಸ್ತಕ ಯಾವುದು? ಲಾ ಫೊಂತೇನನ ನೀತಿಕಥೆಗಳು! ರೂಸೋ ಬೇಡವೆಂದ ಕಾಗೆ, ನರಿಗಳೇ ಮರಳಿ ಬಂದಿದ್ದುವು. ಆದರೆ ಈ ಸಲ ಅವು ಬಂದುದು ಒಪ್ಪಿಸಬೇಕಾದ ಪಾಠವಾಗಿ ಅಲ್ಲ. ಅಂಗಳದ ಮರದ ನೆರಳಿನಲ್ಲಿ ತನಗೆ ತೋಚಿದಾಗ ತೆರೆಯಬಹುದಾದ, ಮುಚ್ಚಬಹುದಾದ, ತನ್ನದೇ ಸ್ವಂತ ಪುಸ್ತಕವಾಗಿ.

ಅವರಲ್ಲಿ ಯಾವನೋ ಒಬ್ಬ ಹುಡುಗ, ಮನೆಯಲ್ಲಿ ಮತ್ತೊಂದು ಪುಸ್ತಕವಿಲ್ಲದವನು, ಅದನ್ನು ಬಿಡಿಸಿ ಮೊದಲ ಪುಟದ ಮೇಲೆ ಬೆರಳಿಟ್ಟಿರಬೇಕು. ಕೆನೆಯ ಔತಣಕ್ಕೆ ಕರೆ ಬಂದಿದೆ. ಎಲ್ಲಿಗೆ, ಯಾರ ಮನೆಗೆ ಎಂಬುದನ್ನು ಇನ್ನು ಅವನೇ ಓದಿಕೊಳ್ಳಬೇಕು.